ನೀರಿನ ಆಧಾರದ ಬೆಳ್ಳಿ ಶಾಯಿ: ಹನಿ ಸರಿಯಾಗಿದ್ದರೂ ಗೆರೆ ಕೆಡುವುದೇಕೆ?

ತೆಳುಪದರ

ಎಲ್ಲರಿಗೂ ನಮಸ್ಕಾರ. ಪಿಇಟಿ ಎಂಬ ಪ್ಲಾಸ್ಟಿಕ್ ಹಾಳೆಯ ಮೇಲೆ ತೇವಾಂಶ ಸಂವೇದಕವೊಂದರ ಬೆಳ್ಳಿಯ ವಿದ್ಯುದ್ವಾರಗಳನ್ನು ಇಂಕ್‌ಜೆಟ್ ಮುದ್ರಣದಿಂದ ಮಾಡುವ ಕೆಲಸದಲ್ಲಿದ್ದೇನೆ. ಶಾಯಿ ನೀರಿನ ಆಧಾರದ್ದು; ತೂಕದಲ್ಲಿ ನೂರಕ್ಕೆ 20ರಷ್ಟು ಬೆಳ್ಳಿ ನ್ಯಾನೋಕಣಗಳಿವೆ, ಕಣಗಳನ್ನು ಪಾಲಿಮರ್ ಹೊದಿಕೆಯಿಂದ ಸ್ಥಿರಗೊಳಿಸಲಾಗಿದೆ. ಪೀಜೋ ಹೆಡ್ (ವೋಲ್ಟೇಜ್ ಕೊಟ್ಟಾಗ ಆಕಾರ ಬದಲಿಸುವ ವಸ್ತುವಿನಿಂದ ಹನಿಯನ್ನು ತಳ್ಳುವ ಮುದ್ರಣ ಭಾಗ), 21 ಮೈಕ್ರಾನ್ ನಾಝಲ್ (ಹನಿ ಹೊರಬರುವ ರಂಧ್ರ), ಹನಿಯ ಗಾತ್ರ 10 ಪಿಕೋಲೀಟರ್.

ಹನಿ ನೋಡುವ ಕ್ಯಾಮೆರಾದಲ್ಲಿ ಎಲ್ಲವೂ ಸೊಗಸಾಗಿಯೇ ಕಾಣುತ್ತದೆ: ಹನಿಗಳು ದುಂಡಗಿವೆ, ನೇರವಾಗಿ ಬೀಳುತ್ತವೆ, ಬಾಲ ಉಳಿಯುವುದಿಲ್ಲ. ಆದರೆ ಹಾಳೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಗೆರೆ ಗೆರೆಯಾಗಿ ಉಳಿದಿರುವುದಿಲ್ಲ. ಕೆಲವೆಡೆ ಅದು ತುಂಡಾಗಿ ಮಣಿಗಳಂತೆ ನಿಂತಿರುತ್ತದೆ, ಕೆಲವೆಡೆ ಉಬ್ಬಿ ಪಕ್ಕದ ಗೆರೆಯನ್ನು ಮುಟ್ಟುತ್ತದೆ. 130 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿದ ಮೇಲೆ ಒಂದೇ ಹಾಳೆಯ ಎರಡು ಗೆರೆಗಳ ರೋಧ ಎರಡು ಮೂರು ಪಟ್ಟು ವ್ಯತ್ಯಾಸವಾಗುತ್ತದೆ. ಅಂಚಿನಲ್ಲಿ ದಪ್ಪ, ನಡುವೆ ತೆಳು ಎಂಬಂತಹ ಉಂಗುರದ ಗುರುತೂ ಇದೆ.

ನೀರನ್ನು ಬಿಟ್ಟು ಸಾವಯವ ದ್ರಾವಕದ ಶಾಯಿಗೆ ಹೋಗುವುದೇ ಸರಿ ಎಂದು ಜೊತೆಯವರು ಒತ್ತಾಯಿಸುತ್ತಿದ್ದಾರೆ. ನನಗೆ ನೀರನ್ನು ಬಿಡಲು ಮನಸ್ಸಿಲ್ಲ. ದೋಷ ನಿಜವಾಗಿಯೂ ನೀರಿನದೇ?

ಸೂಜಿರಂಧ್ರ

ಉತ್ತರಿಸುವ ಮೊದಲು ಮೂರು ವಿಷಯ ತಿಳಿಯಬೇಕು. ಹಾಳೆಯ ಮೇಲ್ಮೈಯನ್ನು ಮುದ್ರಣಕ್ಕೆ ಮೊದಲು ಸಂಸ್ಕರಿಸಿದ್ದೀರಾ? ಹನಿಯಿಂದ ಹನಿಗೆ ಅಂತರವೆಷ್ಟು? ಹಾಳೆಯನ್ನಿಡುವ ತಟ್ಟೆಯ ಉಷ್ಣತೆ ಎಷ್ಟು?

ತೆಳುಪದರ

ಹಾಳೆಯನ್ನು ಐಸೋಪ್ರೊಪನಾಲ್‌ನಿಂದ ಒರೆಸುತ್ತೇನೆ, ಬೇರೆ ಸಂಸ್ಕರಣೆ ಇಲ್ಲ. ಅಂತರ 20 ಮೈಕ್ರಾನ್, ಅಂದರೆ 1270 ಡಿಪಿಐ. ಶಾಯಿ ಹರಡುವ ಮೊದಲೇ ಒಣಗಲಿ ಎಂದು ತಟ್ಟೆಯನ್ನು 60 ಡಿಗ್ರಿಯಲ್ಲಿಟ್ಟಿದ್ದೇನೆ.

ಹನಿಲೆಕ್ಕ

ಹಾಗಾದರೆ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಹಾಕಿ ನೋಡೋಣ, ಏಕೆಂದರೆ ಇಲ್ಲಿ ಶಾಯಿಗಿಂತ ಜ್ಯಾಮಿತಿಯೇ ಹೆಚ್ಚು ಮಾತನಾಡುತ್ತಿದೆ.

10 ಪಿಕೋಲೀಟರ್ ಹನಿ ಗಾಳಿಯಲ್ಲಿರುವಾಗ ಅದರ ವ್ಯಾಸ ಸುಮಾರು 27 ಮೈಕ್ರಾನ್. ಅದು ಹಾಳೆಯ ಮೇಲೆ ಎಷ್ಟು ಹರಡುತ್ತದೆ ಎಂಬುದು ಸಂಪರ್ಕ ಕೋನವನ್ನು, ಅಂದರೆ ಹನಿಯ ಅಂಚು ಹಾಳೆಯೊಡನೆ ಮಾಡುವ ಕೋನವನ್ನು ಅವಲಂಬಿಸಿದೆ. ಕೋನ 60 ಡಿಗ್ರಿ ಇದ್ದರೆ ಹನಿಯ ಗುರುತು ಸುಮಾರು 43 ಮೈಕ್ರಾನ್ ಅಗಲವಾಗುತ್ತದೆ, 30 ಡಿಗ್ರಿಗೆ ಇಳಿದರೆ ಸುಮಾರು 57 ಮೈಕ್ರಾನ್. ನೀವು 20 ಮೈಕ್ರಾನ್‌ಗೊಂದು ಹನಿ ಹಾಕುತ್ತಿದ್ದೀರಿ. ಅಂದರೆ ಒಂದೇ ಹನಿಯ ಗುರುತಿನೊಳಗೆ ಎರಡು ಮೂರು ಹನಿಗಳ ನೀರು ಬಂದು ಸೇರುತ್ತಿದೆ. ಹನಿಗಳ ಒಂದೇ ಸಾಲಿನಲ್ಲಿ ಅಷ್ಟು ದ್ರವ ನಿಂತರೆ ಅದಕ್ಕೆ ಹರಡಲು ಜಾಗ ಬೇಕು. ಹಾಳೆ ಹರಡಲು ಬಿಡದಿದ್ದರೆ ಅದು ಹಿಂದಿನ ಭಾಗಕ್ಕೆ ಹರಿದು ಅಲ್ಲಿ ಉಬ್ಬುತ್ತದೆ. ನೀವು ಹೇಳುವ ಉಬ್ಬು ಅದೇ.

ಮಣಿಗಳಾಗುವುದು ಬೇರೆ ಕಥೆ. ದ್ರವ ಹಿಂದೆ ಸರಿಯುವಾಗಿನ ಸಂಪರ್ಕ ಕೋನ ಶೂನ್ಯಕ್ಕೆ ಹತ್ತಿರವಿದ್ದರೆ ಗೆರೆಯ ಅಂಚು ತಾನು ಬಿದ್ದ ಜಾಗದಲ್ಲಿಯೇ ಕಚ್ಚಿಕೊಂಡಿರುತ್ತದೆ. ಆ ಕೋನ ದೊಡ್ಡದಿದ್ದರೆ ಅಂಚು ಜಾರುತ್ತದೆ, ದ್ರವದ ಉದ್ದನೆಯ ಗೆರೆ ಎಂದಿಗೂ ಸ್ಥಿರವಾಗಿ ನಿಲ್ಲಲಾರದು, ಅದು ತುಂಡಾಗಿಯೇ ತೀರುತ್ತದೆ. 2003ರಲ್ಲಿ ಡೌನೆವೆಲ್ಡ್ ನೀರಿನ ಆಧಾರದ ಶಾಯಿಗಳ ಗೆರೆಗಳನ್ನೇ ಹಿಡಿದು ಈ ಉಬ್ಬಿನ ಅಸ್ಥಿರತೆಯನ್ನು ವಿವರವಾಗಿ ತೋರಿಸಿದ್ದಾರೆ. ಸಂಸ್ಕರಿಸದ ಪಿಇಟಿಯ ಮೇಲ್ಮೈ ಶಕ್ತಿ ಮೀಟರಿಗೆ ಸುಮಾರು 43 ಮಿಲಿನ್ಯೂಟನ್. ಶುದ್ಧ ನೀರಿನ ಮೇಲ್ಮೈ ಎಳೆತ 20 ಡಿಗ್ರಿಯಲ್ಲಿ 72.8. ದ್ರವದ ಎಳೆತ ಹಾಳೆಯ ಮೇಲ್ಮೈ ಶಕ್ತಿಗಿಂತ ಬಹಳ ಹೆಚ್ಚಿದ್ದರೆ ಅದು ಚೆನ್ನಾಗಿ ಹರಡುವುದಿಲ್ಲ, ಆದ್ದರಿಂದ ಈ ಎರಡು ಸಂಖ್ಯೆಗಳ ನಡುವೆಯೇ ನಿಮ್ಮ ತೊಂದರೆಯ ಅರ್ಧ ಭಾಗ ಇದೆ.

ನನ್ನ ಸಲಹೆ: ದ್ರವ ಚೆನ್ನಾಗಿ ಹರಡುವಂತೆ ಹಾಳೆಗೆ ಯುವಿ-ಓಝೋನ್ ಅಥವಾ ಆಮ್ಲಜನಕ ಪ್ಲಾಸ್ಮಾ ಸಂಸ್ಕರಣೆ ಮಾಡಿ, ಅಂತರವನ್ನು 35ರಿಂದ 40 ಮೈಕ್ರಾನ್‌ಗೆ ಏರಿಸಿ, ತಟ್ಟೆಯ ಕಾವನ್ನು ಇಳಿಸಿ. ಶಾಯಿಯನ್ನು ಇನ್ನೂ ಮುಟ್ಟಬೇಡಿ.

ಬೆಳ್ಳಿಗೆರೆ

ಒಂದು ಮಾತನ್ನು ಬಿಟ್ಟು ಉಳಿದೆಲ್ಲವನ್ನೂ ಒಪ್ಪುತ್ತೇನೆ. ತಟ್ಟೆಯ ಕಾವನ್ನು ಇಳಿಸುವುದು ಪುಸ್ತಕದಲ್ಲಿ ಚೆನ್ನಾಗಿರುತ್ತದೆ. ಪ್ರತಿದಿನ ಮುದ್ರಿಸುವವರು ತಟ್ಟೆಯನ್ನು ಬಿಸಿ ಮಾಡುವುದು ಸುಮ್ಮನೆ ಅಲ್ಲ, ಬಿಸಿ ಮಾಡಿದರೆ ದ್ರವಕ್ಕೆ ಹರಿದು ಉಬ್ಬುವಷ್ಟು ಸಮಯವೇ ಸಿಗುವುದಿಲ್ಲ.

ಹನಿಲೆಕ್ಕ

ಸಮಯ ಸಿಗುವುದಿಲ್ಲ ಎಂಬುದು ನಿಜ, ಆದರೆ ಅದಕ್ಕೆ ತೆರುವ ಬೆಲೆಯೂ ಇದೆ. ಸೋಲ್ಟ್‌ಮನ್ ಮತ್ತು ಸುಬ್ರಮಣಿಯನ್ 2008ರಲ್ಲಿ ಇದನ್ನೇ ಪರೀಕ್ಷಿಸಿದರು: ಹಾಳೆ ಬಿಸಿಯಾದಷ್ಟೂ ನೀವು ಕಂಡ ಅಂಚಿನ ಉಂಗುರ (ಇದನ್ನು ಕಾಫಿ ಉಂಗುರ ಎನ್ನುತ್ತಾರೆ) ಹೆಚ್ಚು ಗಾಢವಾಯಿತು, ತಂಪಾಗಿಸಿದಾಗ ಕಡಿಮೆಯಾಯಿತು. ಬಿಸಿ ಹಾಳೆಯ ಮೇಲೆ ಹನಿಯ ಅಂಚಿನಲ್ಲಿ ಆವಿಯಾಗುವ ವೇಗ ನಡುಭಾಗಕ್ಕಿಂತ ಬಹಳ ಹೆಚ್ಚುತ್ತದೆ. ಅಂಚು ಜಾಗ ಬಿಟ್ಟು ಕದಲದಿರುವುದರಿಂದ ಅಲ್ಲಿ ಕಳೆದುಹೋದ ನೀರನ್ನು ತುಂಬಲು ನಡುವಿನಿಂದ ದ್ರವ ಹರಿಯುತ್ತದೆ, ಹರಿಯುವಾಗ ಕಣಗಳನ್ನೂ ಹೊತ್ತೊಯ್ಯುತ್ತದೆ. 1997ರಲ್ಲಿ ಡೀಗನ್ ಮತ್ತು ಸಂಗಡಿಗರು ವಿವರಿಸಿದ್ದು ಈ ಹರಿವನ್ನೇ. ಇನ್ನೂ ಬಿಸಿ ಮಾಡಿದರೆ ಪ್ರತಿ ಹನಿಯೂ ಮುಂದಿನದು ಬೀಳುವ ಮೊದಲೇ ಒಣಗಿ, ಜೋಡಿಸಿಟ್ಟ ನಾಣ್ಯಗಳ ಸಾಲಿನಂತಹ ಗೆರೆ ಉಳಿಯುತ್ತದೆ.

ಬೆಳ್ಳಿಗೆರೆ

ನಾಣ್ಯಗಳ ಸಾಲೂ ವಿದ್ಯುತ್ತನ್ನು ಹರಿಸುತ್ತದೆ. ತುಂಡಾದ ಗೆರೆ ಹರಿಸುವುದಿಲ್ಲ. ಎರಡರಲ್ಲಿ ಆರಿಸಿಕೊಳ್ಳಲೇಬೇಕಾದರೆ ನಾನು ನಾಣ್ಯಗಳನ್ನೇ ಆರಿಸಿಕೊಳ್ಳುತ್ತೇನೆ.

ರಸವಾದಿ

ಇಬ್ಬರೂ ತಟ್ಟೆಯ ಕಾವಿನ ಬಗ್ಗೆಯೇ ಜಗಳವಾಡುತ್ತಿದ್ದೀರಿ. ಉಂಗುರವನ್ನು ರಸಾಯನದಿಂದಲೇ ತಡೆಯುವ ದಾರಿಯನ್ನು ಯಾರೂ ಹೇಳಲಿಲ್ಲ.

ನೀರಿನ ಜೊತೆ ಎಥಿಲೀನ್ ಗ್ಲೈಕಾಲನ್ನು ಬೆರೆಸಿದಾಗ ಏನಾಗುತ್ತದೆ ಎಂದು ನೋಡೋಣ. ಅದರ ಕುದಿಬಿಂದು 197 ಡಿಗ್ರಿ, ಮೇಲ್ಮೈ ಎಳೆತ ಮೀಟರಿಗೆ ಸುಮಾರು 48 ಮಿಲಿನ್ಯೂಟನ್, ಅಂದರೆ ನೀರಿಗಿಂತ ಬಹಳ ಕಡಿಮೆ. ಹನಿಯ ಅಂಚಿನಲ್ಲಿ ನೀರು ಬೇಗ ಆರಿದಂತೆ ಅಲ್ಲಿ ಗ್ಲೈಕಾಲಿನ ಪಾಲು ಏರುತ್ತದೆ, ಅಂಚಿನ ಮೇಲ್ಮೈ ಎಳೆತ ನಡುಭಾಗದ್ದಕ್ಕಿಂತ ಕುಗ್ಗುತ್ತದೆ. ದ್ರವದ ಮೇಲ್ಪದರ ಎಳೆತ ಕಡಿಮೆ ಇರುವಲ್ಲಿಂದ ಹೆಚ್ಚಿರುವ ಕಡೆಗೆ, ಅಂದರೆ ಅಂಚಿನಿಂದ ನಡುವಿನ ಕಡೆಗೆ ಹರಿಯತೊಡಗುತ್ತದೆ. ಇದು ಮರಂಗೋನಿ ಹರಿವು. ತಳದಲ್ಲಿ ಹೊರಕ್ಕೆ ಸಾಗುವ ಕಣಗಳನ್ನು ಮೇಲಿನ ಹರಿವು ಒಳಕ್ಕೆ ತಿರುಗಿಸುವುದರಿಂದ ಒಣಗಿದ ಪದರ ಹೆಚ್ಚು ಸಮತಟ್ಟಾಗುತ್ತದೆ. ಜೊತೆಗೆ ಗ್ಲೈಕಾಲ್ ನಾಝಲ್ ಬಾಯಿಯಲ್ಲಿ ಶಾಯಿ ಒಣಗುವುದನ್ನೂ ನಿಧಾನಿಸುತ್ತದೆ, ಸ್ನಿಗ್ಧತೆಯನ್ನೂ ಏರಿಸುತ್ತದೆ. ಒಂದೇ ವಸ್ತುವಿನಿಂದ ಮೂರು ಉಪಕಾರಗಳು.

ಇಷ್ಟೆಲ್ಲ ದಾರಿಗಳಿರುವಾಗ ಉಂಗುರ ಬಂತೆಂದು ನೀರನ್ನೇ ಬಿಡುವುದು ನೆಗಡಿಯಾಯಿತೆಂದು ಮೂಗನ್ನು ಕೊಯ್ದುಕೊಂಡಂತೆ.

ಇಂಗಾಲ

ಗ್ಲೈಕಾಲನ್ನು ಹಾಕುವುದು ಸುಲಭ, ತೆಗೆಯುವುದು ಕಷ್ಟ. ಪ್ರಶ್ನೆ ಕೇಳಿದವರು 130 ಡಿಗ್ರಿಯಲ್ಲಿ ಕಾಯಿಸುತ್ತಿದ್ದಾರೆ. ತೆಳು ಪದರದಿಂದ ಎಥಿಲೀನ್ ಗ್ಲೈಕಾಲ್ ಆ ಉಷ್ಣತೆಯಲ್ಲಿ ಹೋಗುತ್ತದೆ. ಆದರೆ ಯಾರಾದರೂ ಇದನ್ನು ಓದಿ ಗ್ಲಿಸರಾಲ್ ಬಳಸಿದರೆ ಅದರ ಕುದಿಬಿಂದು 290 ಡಿಗ್ರಿ ಎಂಬುದನ್ನು ನೆನಪಿಡಬೇಕು. ಉಳಿದ ಗ್ಲಿಸರಾಲ್ ಕಣಗಳ ನಡುವೆ ಕುಳಿತು ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ. ತೇವಾಂಶ ಸಂವೇದಕದಲ್ಲಿ ಅದು ಯಾರಿಗೂ ಬೇಡದ ಇನ್ನೊಂದು ಸಂವೇದಕವಾಗಿಬಿಡುತ್ತದೆ.

ರಸವಾದಿ

ಒಪ್ಪಿದೆ. ಗ್ಲಿಸರಾಲ್ ನನ್ನ ಪಟ್ಟಿಯಲ್ಲಿಯೂ ಇಲ್ಲ. ಕಾಗದಕ್ಕೆ ಬಣ್ಣ ಹಚ್ಚುವ ಶಾಯಿಗೆ ಅದು ಸರಿ, ವಾಹಕ ಶಾಯಿಗೆ ಸಲ್ಲದು.

ಹೊಸಬ

ನಡುವೆ ಬಾಯಿ ಹಾಕುವುದಕ್ಕೆ ಕ್ಷಮೆ ಇರಲಿ. ನೀರಿನ ಮೇಲ್ಮೈ ಎಳೆತವನ್ನು ಇಳಿಸಲು ಸ್ವಲ್ಪ ಸರ್ಫ್ಯಾಕ್ಟಂಟ್ (ಸಾಬೂನಿನಂತೆ ಮೇಲ್ಮೈ ಸೇರುವ ವಸ್ತು) ಹಾಕಿದರೆ ಎಲ್ಲವೂ ಮುಗಿಯುವುದಿಲ್ಲವೇ? ತೂಗುವ ಹನಿಯ ಆಕಾರದಿಂದ ಎಳೆತವನ್ನು ಅಳೆಯುವ ಪೆಂಡೆಂಟ್ ಹನಿಯ ಉಪಕರಣದಲ್ಲಿ ನನ್ನ ಶಾಯಿ ಮೀಟರಿಗೆ 30 ಮಿಲಿನ್ಯೂಟನ್ ತೋರಿಸುತ್ತದೆ, ಆದರೂ ಹನಿಯ ಹಿಂದೆ ಸಣ್ಣ ಸಣ್ಣ ಉಪಹನಿಗಳು ಬರುತ್ತಿವೆ.

ಸೂಜಿರಂಧ್ರ

ಬಹಳ ಒಳ್ಳೆಯ ಪ್ರಶ್ನೆ, ಇದರಲ್ಲಿ ಕ್ಷಮೆಯ ಮಾತೇಕೆ? ಆ ಉಪಕರಣ ಅಳೆಯುವುದು ನಿಂತ ಹನಿಯ ಎಳೆತವನ್ನು. ನಾಝಲ್‌ನಿಂದ ಹನಿ ಚಿಮ್ಮಿ ಬೇರ್ಪಡುವುದಕ್ಕೆ ಕೆಲವು ಹತ್ತು ಮೈಕ್ರೋಸೆಕೆಂಡುಗಳು ಸಾಕು. ಆಗ ಹುಟ್ಟುವ ಹೊಸ ಮೇಲ್ಮೈಗೆ ಸರ್ಫ್ಯಾಕ್ಟಂಟ್ ಅಣುಗಳು ಬಂದು ಸೇರಲು ಸಮಯವೇ ಇರುವುದಿಲ್ಲ, ಆದ್ದರಿಂದ ಹೆಡ್ ಕಾಣುವ ಎಳೆತ ನಿಮ್ಮ ಉಪಕರಣ ತೋರಿಸಿದ 30 ಅಲ್ಲ, ಅದಕ್ಕಿಂತ ನೀರಿನ ಕಡೆಗೇ ಹೆಚ್ಚು ವಾಲಿದ ಸಂಖ್ಯೆ. ಗರಿಷ್ಠ ಗುಳ್ಳೆ ಒತ್ತಡದ ವಿಧಾನದಿಂದ ಕೆಲವು ಮಿಲಿಸೆಕೆಂಡು ವಯಸ್ಸಿನ ಮೇಲ್ಮೈಯನ್ನಾದರೂ ಅಳೆಯಿರಿ, ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಅಸಿಟಿಲೀನ್ ಡಯಾಲ್ ಬಗೆಯ ಸರ್ಫ್ಯಾಕ್ಟಂಟುಗಳು ಬೇಗ ಮೇಲ್ಮೈ ಸೇರುತ್ತವೆ, ನೊರೆಯೂ ಕಡಿಮೆ.

ಇನ್ನೊಂದು ಎಚ್ಚರಿಕೆ. ಎಳೆತವನ್ನು ತೀರಾ ಇಳಿಸಿದರೆ ಶಾಯಿ ನಾಝಲ್ ಫಲಕದ ಹೊರಮೈಯನ್ನೇ ತೋಯಿಸುತ್ತದೆ, ಹನಿಗಳು ಓರೆಯಾಗಿ ಹೋಗುತ್ತವೆ.

ಹನಿಲೆಕ್ಕ

ಉಪಹನಿಗಳ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಸ್ನಿಗ್ಧತೆ, ಸಾಂದ್ರತೆ, ಮೇಲ್ಮೈ ಎಳೆತ ಮತ್ತು ನಾಝಲ್ ವ್ಯಾಸ ಈ ನಾಲ್ಕನ್ನೂ ಒಟ್ಟುಗೂಡಿಸುವ ಓನೆಸೋರ್ಗೆ ಸಂಖ್ಯೆಯ ವಿಲೋಮವನ್ನು ಝಡ್ ಎನ್ನುತ್ತಾರೆ. ಝಡ್ 1ರಿಂದ 10ರ ನಡುವೆ ಇದ್ದರೆ ಹನಿ ಚೆನ್ನಾಗಿ ಬರುತ್ತದೆ ಎಂಬುದು ರೂಢಿಯ ನಿಯಮ. 21 ಮೈಕ್ರಾನ್ ನಾಝಲ್‌ನಲ್ಲಿ ಶುದ್ಧ ನೀರಿನ ಝಡ್ ಸುಮಾರು 39 ಆಗುತ್ತದೆ. ಸ್ನಿಗ್ಧತೆಯನ್ನು 5 ಮಿಲಿಪಾಸ್ಕಲ್ ಸೆಕೆಂಡಿಗೆ ಏರಿಸಿ, ಎಳೆತವನ್ನು 32ಕ್ಕೆ ಇಳಿಸಿದರೆ ಅದು 5ರ ಆಸುಪಾಸಿಗೆ ಬರುತ್ತದೆ. ಹೊಸಬರ ಶಾಯಿಯಲ್ಲಿ ಕೊರತೆಯಾಗಿರುವುದು ಸ್ನಿಗ್ಧತೆ ಎಂದು ನನಗನ್ನಿಸುತ್ತದೆ.

ಬೆಳ್ಳಿಗೆರೆ

ಆ ನಿಯಮವನ್ನು ಮೀರಿದ ಶಾಯಿಗಳೂ ಮುದ್ರಣವಾಗುತ್ತವೆ. ಹೆಡ್‌ಗೆ ಕೊಡುವ ವೋಲ್ಟೇಜ್ ನಾಡಿಯ ಆಕಾರವನ್ನು ಹದಗೊಳಿಸಿದರೆ ಝಡ್ 14ರವರೆಗೂ ಒಳ್ಳೆಯ ಹನಿ ಪಡೆದವರಿದ್ದಾರೆ. ಈ ಸಂಖ್ಯೆಯನ್ನು ದಾರಿದೀಪವಾಗಿ ಇಟ್ಟುಕೊಳ್ಳಬೇಕು, ಗೋಡೆಯಾಗಿ ಅಲ್ಲ.

ಹೊಸಬ

ಧನ್ಯವಾದಗಳು. ಐಸೋಪ್ರೊಪನಾಲ್ ಸೇರಿಸಿ ಎಳೆತ ಇಳಿಸಬಹುದೇ?

ರಸವಾದಿ

ಇಳಿಸಬಹುದು, ಆದರೆ ನಾಝಲ್ ಬಾಯಿಯಲ್ಲಿ ಮೊದಲು ಹಾರಿಹೋಗುವುದೂ ಅದೇ. ಬೆಳಗ್ಗೆ ಬೆರೆಸಿದ ಶಾಯಿಯ ಗುಣ ಸಂಜೆಗೆ ಬದಲಾಗಿರುತ್ತದೆ. ಪಾಲಿಮರ್ ಹೊದಿಕೆಯ ಕಣಗಳಿದ್ದರೆ ಹೆಚ್ಚು ಆಲ್ಕೊಹಾಲ್ ಆ ಹೊದಿಕೆಯನ್ನು ಕುಗ್ಗಿಸಿ ಕಣಗಳನ್ನು ಒಂದಕ್ಕೊಂದು ಅಂಟಿಸಿಬಿಡಬಹುದು. ಪ್ರೊಪಿಲೀನ್ ಗ್ಲೈಕಾಲಿನಿಂದ ಆರಂಭಿಸುವುದು ಲೇಸು.

ತೆಳುಪದರ

ಎಲ್ಲರಿಗೂ ಕೃತಜ್ಞತೆಗಳು. ಯುವಿ-ಓಝೋನ್ ಸಂಸ್ಕರಣೆಯಾದ ಹಾಳೆಯ ಮೇಲೆ, ತಟ್ಟೆಯನ್ನು ಕೋಣೆಯ ಉಷ್ಣತೆಯಲ್ಲಿಟ್ಟು, 40 ಮೈಕ್ರಾನ್ ಅಂತರದಲ್ಲಿ ಮುದ್ರಿಸಿದೆ. ಗೆರೆಗಳು ಈಗ ತುಂಡಾಗುತ್ತಿಲ್ಲ, ಅಂಚುಗಳು ಬಹುತೇಕ ನೇರವಾಗಿವೆ, ಉಬ್ಬುಗಳು ಗೆರೆಯ ಆರಂಭದಲ್ಲಷ್ಟೇ ಕಾಣುತ್ತವೆ. ಸಂಸ್ಕರಿಸಿ ಕೆಲವು ದಿನ ಇಟ್ಟ ಹಾಳೆಯ ಮೇಲೆ ಮಾತ್ರ ಮತ್ತೆ ಹಳೆಯ ತೊಂದರೆ ತಲೆ ಎತ್ತಿತು.

ಉಂಗುರ ಇನ್ನೂ ಸ್ವಲ್ಪ ಇದೆ. ಗೆರೆಗಳ ರೋಧದಲ್ಲಿ ವ್ಯತ್ಯಾಸ ಕಡಿಮೆಯಾದರೂ ಪೂರ್ತಿ ಹೋಗಿಲ್ಲ. ಉಂಗುರವೇ ಅದಕ್ಕೆ ಕಾರಣವಿರಬಹುದೇ?

ಓಮ್‌ಮಾಪಕ

ಇಲ್ಲ ಎಂದು ನಾನು ಒತ್ತಿ ಹೇಳುತ್ತೇನೆ. ಈ ಚರ್ಚೆಯಲ್ಲಿ ಉಂಗುರಕ್ಕೆ ಅದು ಮಾಡದ ಅಪರಾಧವನ್ನೂ ಹೊರಿಸಲಾಗುತ್ತಿದೆ.

ವಿದ್ಯುತ್ತು ಗೆರೆಯ ಉದ್ದಕ್ಕೆ ಹರಿಯುತ್ತದೆ. ರೋಧವನ್ನು ನಿರ್ಧರಿಸುವುದು ಗೆರೆಯ ಅಡ್ಡಕೊಯ್ತದ ಒಟ್ಟು ವಿಸ್ತೀರ್ಣ. ಅದೇ ಪ್ರಮಾಣದ ಬೆಳ್ಳಿ ಅಂಚಿನಲ್ಲಿ ಎರಡು ದಿಬ್ಬಗಳಾಗಿ ಕುಳಿತರೂ, ನಡುವೆ ಸಮವಾಗಿ ಹರಡಿದರೂ, ಅಡ್ಡಕೊಯ್ತದ ವಿಸ್ತೀರ್ಣ ಒಂದೇ. ಅಂಚಿನ ದಿಬ್ಬಗಳು ಉದ್ದಕ್ಕೂ ಅಖಂಡವಾಗಿದ್ದರೆ ರೋಧ ಹೆಚ್ಚು ಬದಲಾಗುವುದಿಲ್ಲ. ರೋಧವನ್ನು ಕೆಡಿಸುವುದು ಉದ್ದದ ದಿಕ್ಕಿನ ಏರುಪೇರು. ಲೆಕ್ಕ ಹಾಕಿ ನೋಡಿ: ಗೆರೆಯ ಅರ್ಧ ಉದ್ದದಲ್ಲಿ ಅಡ್ಡಕೊಯ್ತ ಕಾಲು ಭಾಗಕ್ಕೆ ಕುಗ್ಗಿ, ಅಲ್ಲಿಂದ ಹೋದ ಬೆಳ್ಳಿಯೆಲ್ಲ ಉಳಿದ ಅರ್ಧಕ್ಕೆ ಸೇರಿ ಅಲ್ಲಿ 1.75 ಪಟ್ಟು ಆಯಿತೆನ್ನಿ. ಬೆಳ್ಳಿಯ ಒಟ್ಟು ಪ್ರಮಾಣ ಬದಲಾಗಿಲ್ಲ. ಆದರೆ ರೋಧ ಸಮ ಗೆರೆಯದಕ್ಕಿಂತ ಸುಮಾರು 2.3 ಪಟ್ಟು ಆಗುತ್ತದೆ. ತೆಳುಪದರ ಅವರು ಮೊದಲು ಕಂಡ ಎರಡು ಮೂರು ಪಟ್ಟು ವ್ಯತ್ಯಾಸಕ್ಕೆ ಉಬ್ಬು ಮತ್ತು ಕತ್ತುಗಳೇ ಸಾಕು, ಬೇರೆ ಕಾರಣವನ್ನು ಹುಡುಕಬೇಕಾಗಿರಲಿಲ್ಲ.

ಉಂಗುರ ನಿಜವಾಗಿ ಕಾಟ ಕೊಡುವುದು ಅದರ ಮೇಲೆ ಇನ್ನೊಂದು ಪದರವನ್ನು ಮುದ್ರಿಸುವಾಗ. ಕೆಪಾಸಿಟರ್ ಅಥವಾ ಟ್ರಾನ್ಸಿಸ್ಟರ್‌ನಲ್ಲಿ ಕೆಳಗಿನ ವಿದ್ಯುದ್ವಾರದ ಅಂಚಿನ ದಿಬ್ಬ ಮೇಲಿನ ತೆಳು ನಿರೋಧಕ ಪದರವನ್ನು ತೂರಿಕೊಂಡು ಹೋಗುತ್ತದೆ, ಅಲ್ಲಿ ಶಾರ್ಟ್ ಆಗುತ್ತದೆ. ಒಂದೇ ಪದರದ ಸಂವೇದಕಕ್ಕೆ ಆ ಭಯವಿಲ್ಲ.

ಹನಿಲೆಕ್ಕ

ಓಮ್‌ಮಾಪಕ ಅವರ ಮಾತು ಸರಿ. ಉಂಗುರದ ಬಗ್ಗೆ ನಾವೆಲ್ಲ ಬರೆದದ್ದು ಮುಂದೆ ಪದರಗಳನ್ನು ಪೇರಿಸುವವರಿಗೆ ಉಪಯೋಗವಾಗಲಿ.

ಓಮ್‌ಮಾಪಕ

ಈಗ ಉಳಿದ ವ್ಯತ್ಯಾಸದ ವಿಷಯ. ಮೊದಲು ಪದರದ ದಪ್ಪವನ್ನು ಅಂದಾಜು ಮಾಡಿ. ಬೆಳ್ಳಿಯ ಸಾಂದ್ರತೆ ಘನ ಸೆಂಟಿಮೀಟರಿಗೆ 10.49 ಗ್ರಾಂ, ಆದ್ದರಿಂದ ತೂಕದಲ್ಲಿ 20ರಷ್ಟಿರುವ ಬೆಳ್ಳಿ ಘನಅಳತೆಯಲ್ಲಿ ನೂರಕ್ಕೆ ಸುಮಾರು 2.3ರಷ್ಟು ಮಾತ್ರ. ಹನಿಗಳನ್ನು 40 ಮೈಕ್ರಾನ್ ಅಂತರದಲ್ಲಿ ಚೌಕವಾಗಿ ಹರಡಿದರೆ ಹಸಿ ಪದರ 6 ಮೈಕ್ರಾನ್‌ಗಿಂತ ಸ್ವಲ್ಪ ಹೆಚ್ಚು, ಒಣಗಿದ ಬೆಳ್ಳಿ 0.15 ಮೈಕ್ರಾನ್‌ನಷ್ಟು. ನೀರಿನ ಶಾಯಿಯಲ್ಲಿ ನಾವು ಮುದ್ರಿಸುವುದು ಬಹುಪಾಲು ನೀರನ್ನೇ ಎಂಬುದು ಈ ಲೆಕ್ಕದಿಂದ ಮನದಟ್ಟಾಗುತ್ತದೆ. ಎರಡು ಪದರ ಹಾಕಿ 0.3 ಮೈಕ್ರಾನ್ ಪಡೆದಿರಿ, ರೋಧಶೀಲತೆ ಗಟ್ಟಿ ಬೆಳ್ಳಿಯ 1.59 ಮೈಕ್ರೋಓಮ್ ಸೆಂಟಿಮೀಟರಿನ ಐದು ಪಟ್ಟು ಇದೆ ಎಂದುಕೊಂಡರೆ, ಚೌಕಕ್ಕೆ (ಅಗಲದಷ್ಟೇ ಉದ್ದವಿರುವ ತುಂಡಿಗೆ) 0.27 ಓಮ್ ಆಗುತ್ತದೆ. 60 ಮೈಕ್ರಾನ್ ಅಗಲ, 10 ಮಿಲಿಮೀಟರ್ ಉದ್ದದ ಗೆರೆಯಲ್ಲಿ 167 ಚೌಕಗಳಿವೆ, ಆದ್ದರಿಂದ ಸುಮಾರು 44 ಓಮ್ ಬರಬೇಕು. ಎರಡು ಮೊನೆಯ ಮೀಟರಿನಿಂದ ಅಳೆದರೆ ಸ್ಪರ್ಶದ ರೋಧವೂ ಸೇರಿಕೊಳ್ಳುತ್ತದೆ. ನಾಲ್ಕು ಮೊನೆಯ ವಿಧಾನದಿಂದ ಅಳೆಯಿರಿ. ಅದರಲ್ಲಿಯೂ ವ್ಯತ್ಯಾಸ ಉಳಿದರೆ ಕಾಯಿಸುವ ಹಂತವನ್ನು ಸಂಶಯಿಸಬೇಕು.

ತೆಳುಪದರ

ನಾಲ್ಕು ಮೊನೆಯಲ್ಲಿ ಅಳೆದಾಗ ಬಿಸಿ ಫಲಕದ ನಡುವೆ ಇದ್ದ ಗೆರೆಗಳು ಒಂದೇ ಮಟ್ಟದಲ್ಲಿವೆ, ಅಂಚಿನ ಕಡೆಯವು ಹೆಚ್ಚು ರೋಧ ತೋರಿಸುತ್ತಿವೆ. ಸಂಶಯ ನಿಜವೆಂದು ತೋರುತ್ತದೆ.

ರಸವಾದಿ

ಅಂಚಿನಲ್ಲಿ ಫಲಕದ ಉಷ್ಣತೆ ಕಡಿಮೆ ಇದೆ, ಅಷ್ಟೇ. ಗಟ್ಟಿ ಬೆಳ್ಳಿ ಕರಗುವುದು 962 ಡಿಗ್ರಿಯಲ್ಲಿ, ಆದರೂ ನ್ಯಾನೋಕಣಗಳು 120ರಿಂದ 200 ಡಿಗ್ರಿಯೊಳಗೆ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಅಲ್ಲಿ ಅಡ್ಡಿಯಾಗಿರುವುದು ಬೆಳ್ಳಿಗಿಂತ ಹೆಚ್ಚಾಗಿ ಅದನ್ನು ಸುತ್ತಿರುವ ಪಾಲಿಮರ್ ಹೊದಿಕೆ. ಶಾಯಿಯನ್ನು ಬಾಟಲಿಯಲ್ಲಿ ತಿಂಗಳುಗಟ್ಟಲೆ ಕಾಪಾಡುವ ಹೊದಿಕೆಯೇ ಹಾಳೆಯ ಮೇಲೆ ಕಣಗಳನ್ನು ದೂರವಿಡುತ್ತದೆ. 130 ಡಿಗ್ರಿ ಆ ಹೊಸ್ತಿಲಿನ ಮೇಲೆಯೇ ಇದೆ, ಆದ್ದರಿಂದ ಕೆಲವೇ ಡಿಗ್ರಿ ಕಡಿಮೆಯಾದರೂ ರೋಧ ಜಿಗಿಯುತ್ತದೆ. ಪಿಇಟಿಯನ್ನು ಇದಕ್ಕಿಂತ ಬಹಳ ಮೇಲೆ ಕಾಯಿಸಿದರೆ ಹಾಳೆ ಕುಗ್ಗಿ ಸುಕ್ಕಾಗುತ್ತದೆ.

ನೀರಿನ ಶಾಯಿಗೆ ಇಲ್ಲಿ ಒಂದು ವಿಶೇಷ ಅನುಕೂಲವಿದೆ, ಅದನ್ನು ಜನ ಮರೆಯುತ್ತಾರೆ. ನೀರಿನಲ್ಲಿ ಅಯಾನುಗಳು ಕೆಲಸ ಮಾಡುತ್ತವೆ. 2010ರಲ್ಲಿ ಮಗ್ದಾಸಿ ಮತ್ತು ಸಂಗಡಿಗರು ಪಾಲಿಅಕ್ರಿಲಿಕ್ ಆಮ್ಲದಿಂದ ಸ್ಥಿರಗೊಳಿಸಿದ ಬೆಳ್ಳಿ ಕಣಗಳನ್ನು ವಿರುದ್ಧ ಆವೇಶದ ಪಾಲಿಮರಿನ ಸಂಪರ್ಕಕ್ಕೆ ತಂದು, ಕೋಣೆಯ ಉಷ್ಣತೆಯಲ್ಲಿಯೇ ಬೆಸೆಯುವಂತೆ ಮಾಡಿದರು. ಕ್ಲೋರೈಡ್ ಲವಣಗಳಿಂದಲೂ ಇಂತಹ ಪರಿಣಾಮ ಸಿಗುತ್ತದೆ. 2012ರಲ್ಲಿ ವಾಕರ್ ಮತ್ತು ಲೂಯಿಸ್ ಕಣಗಳನ್ನೇ ಬಿಟ್ಟು, ಬೆಳ್ಳಿ ಅಸಿಟೇಟ್, ಅಮೋನಿಯಾ ಮತ್ತು ಫಾರ್ಮಿಕ್ ಆಮ್ಲದಿಂದ ಮಾಡಿದ ಶಾಯಿ 90 ಡಿಗ್ರಿಯಲ್ಲಿಯೇ ಗಟ್ಟಿ ಬೆಳ್ಳಿಯ ಹತ್ತಿರದ ವಾಹಕತೆ ಕೊಡುವುದನ್ನು ತೋರಿಸಿದರು.

ಸೂಜಿರಂಧ್ರ

ಕಣಗಳಿಲ್ಲದ ಶಾಯಿ ಎಂದರೆ ನಾಝಲ್ ಕಟ್ಟುವುದಿಲ್ಲ ಎಂದು ಯಾರೂ ನಿಶ್ಚಿಂತರಾಗಬಾರದು. ಅಮೋನಿಯಾ ಹಾರಿಹೋದಂತೆ ಬೆಳ್ಳಿ ನಾಝಲ್ ಬಾಯಿಯಲ್ಲಿಯೇ ಹೊರಬೀಳುತ್ತದೆ, ಅದು ಗಟ್ಟಿ ಲೋಹ, ತೊಳೆದರೆ ಹೋಗದು.

ಕಣಗಳ ಶಾಯಿಗೆ ಬಂದರೆ, ಕಣದ ಗಾತ್ರ ನಾಝಲ್ ವ್ಯಾಸದ ಐವತ್ತನೆಯ ಒಂದು ಭಾಗಕ್ಕಿಂತ ಚಿಕ್ಕದಿರಲಿ. 50 ನ್ಯಾನೊಮೀಟರಿನ ಬೆಳ್ಳಿ ಕಣ ನೀರಿನಲ್ಲಿ ದಿನಕ್ಕೆ ಸುಮಾರು 1 ಮಿಲಿಮೀಟರ್ ವೇಗದಲ್ಲಿ ಕೆಳಗಿಳಿಯುತ್ತದೆ. ಕಣಗಳು ಗುಂಪುಗೂಡಿ 200 ನ್ಯಾನೊಮೀಟರ್ ಆದರೆ ಅದರ 16 ಪಟ್ಟು ವೇಗದಲ್ಲಿ ಇಳಿಯುತ್ತವೆ. ಆದ್ದರಿಂದ ತುಂಬುವ ಮೊದಲು ಬಾಟಲಿಯನ್ನು ಮೆಲ್ಲಗೆ ಹೊರಳಿಸಿ, ಜೋರಾಗಿ ಅಲುಗಾಡಿಸಬೇಡಿ, 0.45 ಮೈಕ್ರಾನ್ ಫಿಲ್ಟರಿನಲ್ಲಿ ಹಾಯಿಸಿ, ನಿರ್ವಾತದಲ್ಲಿಟ್ಟು ಕರಗಿದ ಗಾಳಿಯನ್ನು ತೆಗೆಯಿರಿ. ಪೀಜೋ ಕೋಣೆಯೊಳಗೆ ಒಂದು ಸಣ್ಣ ಗುಳ್ಳೆ ಸಿಕ್ಕಿಕೊಂಡರೆ ಒತ್ತಡದ ಅಲೆಯನ್ನು ಅದೇ ನುಂಗಿಬಿಡುತ್ತದೆ, ಹನಿ ಹೊರಬರುವುದಿಲ್ಲ. ನೀರಿನ ಶಾಯಿಯನ್ನು ಹೆಪ್ಪುಗಟ್ಟಲು ಎಂದಿಗೂ ಬಿಡಬೇಡಿ, ಮಂಜುಗಡ್ಡೆಯ ಹರಳುಗಳು ಕಣಗಳನ್ನು ಒತ್ತರಿಸಿ ಒಂದಾಗಿಸುತ್ತವೆ.

ಹೊಸಬ

ಮನೆಯ ಸಾಮಾನ್ಯ ಪ್ರಿಂಟರಿನಲ್ಲಿಯೇ ಇದನ್ನೆಲ್ಲ ಮಾಡಬಹುದೇ?

ಬೆಳ್ಳಿಗೆರೆ

ಮಾಡಬಹುದು. 2013ರಲ್ಲಿ ಕವಹಾರ ಮತ್ತು ಸಂಗಡಿಗರು ಮನೆಬಳಕೆಯ ಪ್ರಿಂಟರಿನಲ್ಲಿ ಬೆಳ್ಳಿ ಶಾಯಿ ತುಂಬಿ, ಕಾಯಿಸುವ ಅಗತ್ಯವೇ ಇಲ್ಲದೆ ಸರ್ಕ್ಯೂಟುಗಳನ್ನು ಮುದ್ರಿಸಿ ತೋರಿಸಿದರು. ಅಲ್ಲಿ ಗುಟ್ಟು ಇರುವುದು ಲೇಪನವಿರುವ ಹಾಳೆಯಲ್ಲಿ: ಸೂಕ್ಷ್ಮ ರಂಧ್ರಗಳ ಲೇಪನ ನೀರನ್ನೂ ಹೊದಿಕೆಯ ವಸ್ತುವನ್ನೂ ಕೆಳಗೆ ಹೀರಿಕೊಂಡು ಬೆಳ್ಳಿಯನ್ನು ಮೇಲೆ ಉಳಿಸುತ್ತದೆ. ಉಬ್ಬು, ಮಣಿ, ಉಂಗುರ ಈ ಯಾವ ತಂಟೆಯೂ ಅಲ್ಲಿ ಅಷ್ಟಾಗಿ ಬರುವುದಿಲ್ಲ. ಪೀಜೋ ಹೆಡ್ ಇರುವ ಪ್ರಿಂಟರನ್ನೇ ಆರಿಸಿಕೊಳ್ಳಿ. ಉಷ್ಣ ಹೆಡ್‌ನಲ್ಲಿ ಶಾಯಿಯ ತೆಳು ಪದರವೊಂದನ್ನು ಕ್ಷಣಮಾತ್ರದಲ್ಲಿ ಆವಿ ಮಾಡಿ ಹನಿಯನ್ನು ತಳ್ಳುತ್ತಾರೆ, ಆ ಬಿಸಿ ಮೇಲ್ಮೈಯ ಮೇಲೆ ಬೆಳ್ಳಿ ಮತ್ತು ಪಾಲಿಮರ್ ಕರಿಯಾಗಿ ಕಟ್ಟಿಕೊಳ್ಳುವ ಅಪಾಯವಿದೆ.

ಹಸಿರುಪ್ರಶ್ನೆ

ನೀರನ್ನು ಬಿಡಲು ಮನಸ್ಸಿಲ್ಲ ಎಂದು ಮೂಲ ಬರಹದಲ್ಲಿದೆ. ನೀರಿನ ಆಧಾರದ್ದು ಎಂದ ಮಾತ್ರಕ್ಕೆ ಪರಿಸರಸ್ನೇಹಿ ಎನ್ನಲಾಗದು. ಒಂದು ಕಿಲೋಗ್ರಾಂ ನೀರನ್ನು ಆವಿ ಮಾಡಲು ಸುಮಾರು 2.26 ಮೆಗಾಜೂಲ್ ಶಾಖ ಬೇಕು, ಎಥನಾಲಿಗೆ 0.85ರಷ್ಟು ಸಾಕು. ತೊಳೆದ ನೀರಿನಲ್ಲಿ ಹೋಗುವ ಬೆಳ್ಳಿ ನ್ಯಾನೋಕಣಗಳು ನೀರಿನ ಸೂಕ್ಷ್ಮಜೀವಿಗಳಿಗೆ ವಿಷ.

ಇಂಗಾಲ

ಎರಡೂ ಸತ್ಯ, ಆದರೂ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. ಗ್ರಾಫೀನ್‌ನಂತಹ ಪದರು ವಸ್ತುಗಳ ಶಾಯಿಗೆ ಬಹುಕಾಲ ಬಳಸಿದ್ದು ಎನ್‌ಎಂಪಿ ಎಂಬ ದ್ರಾವಕವನ್ನು. ಅದರ ಕುದಿಬಿಂದು 202 ಡಿಗ್ರಿ, ಗರ್ಭಸ್ಥ ಶಿಶುವಿಗೆ ಹಾನಿಕಾರಕ, ಯುರೋಪಿಯನ್ ಒಕ್ಕೂಟದಲ್ಲಿ ಅದರ ಬಳಕೆಗೆ ನಿರ್ಬಂಧವಿದೆ. ಅದರ ಮುಂದೆ ಕುಳಿತು ದಿನವಿಡೀ ಮುದ್ರಿಸುವವರ ಆರೋಗ್ಯಕ್ಕೆ ಬೆಲೆ ಇಲ್ಲವೇ? 2017ರಲ್ಲಿ ಮ್ಯಾಂಚೆಸ್ಟರಿನ ಕ್ಯಾಸಿರಾಘಿ ಅವರ ತಂಡ ಗ್ರಾಫೀನ್ ಮೊದಲಾದ ಪದರು ಹರಳುಗಳ ನೀರಿನ ಶಾಯಿಯನ್ನು ಪ್ರಕಟಿಸಿತು. ಪೈರೀನ್ ಸಲ್ಫೋನೇಟಿನಿಂದ ಪದರುಗಳನ್ನು ಬಿಡಿಸಿ ಸ್ಥಿರಗೊಳಿಸಿದರು. ಪ್ರೊಪಿಲೀನ್ ಗ್ಲೈಕಾಲ್, ಸ್ವಲ್ಪ ಸರ್ಫ್ಯಾಕ್ಟಂಟ್ ಮತ್ತು ಕ್ಸಾಂಥಾನ್ ಗೋಂದು ಸೇರಿಸಿದರು. ಆ ಗೋಂದು ಅಲ್ಲಿ ಮಾಡಿದ ಮುಖ್ಯ ಉಪಕಾರ ಇದು: ಒಂದು ಪದರದ ಮೇಲೆ ಇನ್ನೊಂದನ್ನು ಮುದ್ರಿಸಿದಾಗ ಕೆಳಗಿನ ಪದರ ಮತ್ತೆ ನೀರಿನಲ್ಲಿ ಎದ್ದು ಬೆರೆಯದಂತೆ ಅದು ಕಟ್ಟಿಹಾಕಿತು. ನೀರಿನ ಮೇಲೆ ನೀರನ್ನು ಮುದ್ರಿಸುವಾಗಿನ ದೊಡ್ಡ ತೊಡಕೇ ಅದು.

ಹಸಿರುಪ್ರಶ್ನೆ

ಕೆಲಸ ಮಾಡುವವರ ಆರೋಗ್ಯದ ಮಾತನ್ನು ಪೂರ್ತಿ ಒಪ್ಪುತ್ತೇನೆ. ತೊಳೆದ ನೀರನ್ನು ಮಾತ್ರ ಬಚ್ಚಲಿಗೆ ಬಿಡಬೇಡಿ, ಪ್ರತ್ಯೇಕವಾಗಿ ಸಂಗ್ರಹಿಸಿ.

ಹೊಸಬ

ಬೆಳ್ಳಿಯ ಬದಲು ತಾಮ್ರ ಆಗದೇ?

ರಸವಾದಿ

ತಾಮ್ರದ ರೋಧಶೀಲತೆ 1.68 ಮೈಕ್ರೋಓಮ್ ಸೆಂಟಿಮೀಟರ್, ಬೆಳ್ಳಿಗೆ ತೀರಾ ಹತ್ತಿರ. ಆದರೆ ತಾಮ್ರದ ನ್ಯಾನೋಕಣಗಳು ನೀರಿನಲ್ಲಿಯೂ ಗಾಳಿಯಲ್ಲಿಯೂ ಆಕ್ಸೈಡ್ ಆಗುತ್ತವೆ. ತಾಮ್ರದ ಆಕ್ಸೈಡನ್ನೇ ನೀರಿನ ಶಾಯಿಯಾಗಿ ಮುದ್ರಿಸಿ, ಆಕ್ಸೈಡಿನಿಂದ ಆಮ್ಲಜನಕವನ್ನು ಕಸಿಯುವ ಅಪಕರ್ಷಣಕಾರಿಯನ್ನು ಜೊತೆಗಿಟ್ಟು, ಝೆನಾನ್ ದೀಪದ ತೀಕ್ಷ್ಣ ಮಿಂಚಿನಿಂದ ಕ್ಷಣದಲ್ಲಿ ತಾಮ್ರವಾಗಿಸುವ ದಾರಿಯಿದೆ. ಪೆಡಾಟ್-ಪಿಎಸ್‌ಎಸ್ ಎಂಬ ವಾಹಕ ಪಾಲಿಮರನ್ನೂ ಮರೆಯಬೇಡಿ, ಅದು ಹುಟ್ಟಿನಿಂದಲೇ ನೀರಿನ ಶಾಯಿ. ಆದರೆ ಅದರ ಆಮ್ಲತೆ ಬಹಳ ತೀಕ್ಷ್ಣ, ಹೆಡ್‌ನ ಲೋಹದ ಭಾಗಗಳನ್ನು ತಿನ್ನುತ್ತದೆ, ಮುದ್ರಣವಾದ ಕೂಡಲೇ ತೊಳೆಯಬೇಕು.

ಓಮ್‌ಮಾಪಕ

ತೆಳುಪದರ ಅವರೇ, ಗೆರೆ ಸರಿಹೋದ ಸಂತೋಷದಲ್ಲಿ ಒಂದು ವಿಷಯ ಮರೆಯಾಗುತ್ತಿದೆ. ನೀವು ಮಾಡುತ್ತಿರುವುದು ತೇವಾಂಶ ಸಂವೇದಕ, ವಿದ್ಯುದ್ವಾರ ಬೆಳ್ಳಿಯದು. ತೇವವಿರುವ ಜಾಗದಲ್ಲಿ ಎರಡು ಬೆಳ್ಳಿ ಗೆರೆಗಳ ನಡುವೆ ಏಕಮುಖ ವೋಲ್ಟೇಜ್ ಇಟ್ಟರೆ ಧನ ವಿದ್ಯುದ್ವಾರದಿಂದ ಬೆಳ್ಳಿ ಅಯಾನುಗಳಾಗಿ ಹೊರಟು ಋಣ ವಿದ್ಯುದ್ವಾರದ ಮೇಲೆ ಕವಲುಕವಲಾಗಿ ಬೆಳೆಯುತ್ತವೆ. ಆ ಕವಲು ಎದುರಿನ ಗೆರೆಯನ್ನು ಮುಟ್ಟಿದ ದಿನ ಸಂವೇದಕ ಶಾರ್ಟ್ ಆಗುತ್ತದೆ. ಗೆರೆಗಳ ನಡುವಿನ ಅಂತರ ಎಷ್ಟಿಟ್ಟಿದ್ದೀರಿ?

ತೆಳುಪದರ

100 ಮೈಕ್ರಾನ್. ಓದುವ ಸರ್ಕ್ಯೂಟು ಸದ್ಯಕ್ಕೆ 3.3 ವೋಲ್ಟ್ ಏಕಮುಖ ವೋಲ್ಟೇಜಿನಲ್ಲಿದೆ.

ಓಮ್‌ಮಾಪಕ

ಹಾಗಾದರೆ ಮೊದಲು ಓದುವ ವಿಧಾನವನ್ನು ಬದಲಿಸಿ. ಪರ್ಯಾಯ ವೋಲ್ಟೇಜಿನಲ್ಲಿ ಧಾರಕತೆಯನ್ನು ಅಳೆಯಿರಿ, ಸರಾಸರಿ ಏಕಮುಖ ವೋಲ್ಟೇಜ್ ಶೂನ್ಯವಾಗಿರಲಿ, ಅಳೆಯದ ಹೊತ್ತಿನಲ್ಲಿ ಎರಡೂ ತುದಿಗಳನ್ನು ಒಂದೇ ಮಟ್ಟಕ್ಕೆ ಕಟ್ಟಿಡಿ. ಸಾಧ್ಯವಾದರೆ ಬೆಳ್ಳಿಯ ಮೇಲೆ ಇಂಗಾಲದ ಶಾಯಿಯ ಪದರವೊಂದನ್ನು ಹೊದಿಸಿ.

ಇಂಗಾಲ

ಇಂಗಾಲದ ಪದರವನ್ನು ನೀರಿನ ಶಾಯಿಯಿಂದ ಮುದ್ರಿಸುವುದಾದರೆ ಬೆಳ್ಳಿಯನ್ನು ಪೂರ್ತಿ ಕಾಯಿಸಿದ ಮೇಲೆಯೇ ಮುದ್ರಿಸಿ, ಇಲ್ಲದಿದ್ದರೆ ಬೆಸೆಯದ ಕಣಗಳು ಮತ್ತೆ ಎದ್ದು ಇಂಗಾಲದೊಳಗೆ ಬೆರೆಯುತ್ತವೆ. ಹೊದಿಕೆ ಬೆಳ್ಳಿಗಿಂತ ಎರಡೂ ಬದಿಗೆ ಒಂದು ಹನಿಯ ಅಗಲದಷ್ಟು ಚಾಚಿರಲಿ, ಏಕೆಂದರೆ ಕವಲುಗಳು ಹೊರಡುವುದು ಅಂಚಿನಿಂದ. ಇಲ್ಲಿ ಮಾತ್ರ ನಿಮ್ಮ ಉಂಗುರದ ದಿಬ್ಬಗಳು ಲೆಕ್ಕಕ್ಕೆ ಬರುತ್ತವೆ: ಅವು ಎತ್ತರವಾಗಿದ್ದರೆ ಇಂಗಾಲ ಅವುಗಳ ನೆತ್ತಿಯ ಮೇಲೆ ತೆಳುವಾಗುತ್ತದೆ. ರಸವಾದಿ ಅವರು ಹೇಳಿದ ಗ್ಲೈಕಾಲನ್ನು ಬೆಳ್ಳಿಯ ಶಾಯಿಗೆ ಸ್ವಲ್ಪ ಸೇರಿಸಿ ನೋಡಿ.

ತೆಳುಪದರ

ಆಗಲಿ. ಓದುವ ಸರ್ಕ್ಯೂಟನ್ನು ಪರ್ಯಾಯ ವೋಲ್ಟೇಜಿಗೆ ಬದಲಿಸಿ, ಗ್ಲೈಕಾಲ್ ಸೇರಿಸಿದ ಗೆರೆಗಳ ಅಡ್ಡಕೊಯ್ತದ ಚಿತ್ರ ತೆಗೆದು, ಇಂಗಾಲದ ಹೊದಿಕೆಯೊಂದಿಗೂ ಹೊದಿಕೆಯಿಲ್ಲದೆಯೂ ತೇವದ ಪೆಟ್ಟಿಗೆಯಲ್ಲಿಟ್ಟ ಹಾಳೆಗಳ ಫಲಿತಾಂಶವನ್ನು ಇಲ್ಲಿಯೇ ಹಾಕುತ್ತೇನೆ.

ಸೂಜಿರಂಧ್ರ

ಗ್ಲೈಕಾಲ್ ಸೇರಿಸಿದ ಮೇಲೆ ಸ್ನಿಗ್ಧತೆ ಬದಲಾಗುತ್ತದೆ, ಹಳೆಯ ವೋಲ್ಟೇಜ್ ನಾಡಿಯನ್ನೇ ಇಟ್ಟುಕೊಳ್ಳಬೇಡಿ. ಕ್ಯಾಮೆರಾದಲ್ಲಿ ಹನಿಯ ವೇಗವನ್ನು ಮತ್ತೆ ಸೆಕೆಂಡಿಗೆ 5ರಿಂದ 8 ಮೀಟರಿನ ನಡುವೆ ತಂದ ಮೇಲೆಯೇ ಹಾಳೆಯನ್ನು ಇಡಿ.